‘ಲೂಸನ್’ ಅಂದರೆ ಬಿಚ್ಚಿ ಹಾಕು ಅಂತಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಐಟಿಐ ಹುಡುಗರಿದ್ದಾರೆ, ನರ್ಸಿಂಗ್ ಓದುವ ಹೆಣ್ಣುಮಕ್ಕಳಿದ್ದಾರೆ, ವಸಂತನರಸಾಪುರದ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವವರಿದ್ದಾರೆ. ಮಕ್ಕಳ ಹೋಮ್‌ವರ್ಕ್ ತಮಗೂ ಅರ್ಥವಾಗಲಿ ಎಂದು ಬರುವ ಇಬ್ಬರು ತಾಯಂದಿರೂ ಇದ್ದಾರೆ. ಇದಕ್ಕೆ ಮುಂಚೆ ನಾನು ಹದಿನೈದು ವರ್ಷ ಫಿಟ್ಟರ್. ಪಾನ (ಸ್ಪ್ಯಾನರ್) ಹಿಡಿದ ಕೈಗೆ ಚಾಕ್‌ಪೀಸ್ ಬಂತು, ಅಷ್ಟೇ. ಅದಕ್ಕೋ ಏನೋ, ‘ಲೂಸನ್’ ಎಂಬ ಕ್ರಿಯಾಪದದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಕ್ಕರೆ. ಪ್ರತಿ ಬ್ಯಾಚಿನಲ್ಲೂ ಅದೇ ಅದೇ ಪ್ರಶ್ನೆ ಬರುವುದರಿಂದ ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ ಸಾರ್, ಲೂಸನ್ ಅಂದರೇನು?

ಸಡಿಲಿಸು. ನಮ್ಮ ಕಡೆ ಮಾತಲ್ಲಿ ‘ಸಡ್ಲ ಮಾಡು’. ಹಿಡಿತ ಕಮ್ಮಿಯಾಗಬೇಕು, ಆದರೆ ವಸ್ತು ಇದ್ದ ಜಾಗದಲ್ಲೇ ಇರಬೇಕು. ಈ ಎರಡನೆಯ ಭಾಗ ಮರೆತವರೇ ಹೆಚ್ಚು.

ಹಾಗಾದರೆ ‘ಬಿಚ್ಚು’ ಅಂತ ಅರ್ಥ ಬರೆದರೆ ತಪ್ಪಾ?

ತಪ್ಪೇ. ನಾನೇ ಈ ತಪ್ಪು ಮಾಡಿ ಬೈಸಿಕೊಂಡವನು. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪಿಗೆ ಟ್ರೈನಿಯಾಗಿ ಸೇರಿದ ಮೊದಲ ವಾರ. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಬೇಕಿತ್ತು. ಸೂಪರ್‌ವೈಸರ್ ಕೆಳಗಿನ ಡ್ರೈನ್ ಪ್ಲಗ್ ತೋರಿಸಿ, “ಲೂಸನ್ ಇಟ್” ಅಂದು ಟ್ರೇ ತರಲು ಆಚೆ ಹೋದರು. ನಾನು ನಿಷ್ಠೆಯಿಂದ ಪೂರ್ತಿ ಬಿಚ್ಚಿ, ಪ್ಲಗ್ಗನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ ಕೈಯಲ್ಲಿ ಹಿಡಿದು ನಿಂತೆ. ಅವರು ವಾಪಸ್ ಬರುವಷ್ಟರಲ್ಲಿ ಕಪ್ಪು ಎಣ್ಣೆ ನನ್ನ ಚಪ್ಪಲಿಯಡಿಯಿಂದ ಹಾದು ಬೆಂಚಿನ ಕಾಲಿನವರೆಗೆ ಹರಿದಿತ್ತು. ಅವತ್ತು ಮಧ್ಯಾಹ್ನವೆಲ್ಲ ಮರದ ಹೊಟ್ಟು ಚೆಲ್ಲಿ ನೆಲ ಉಜ್ಜಿದೆ. ಅವರು ಹೇಳಿದ್ದು ಅರ್ಧ ಸುತ್ತು ತಿರುಗಿಸಿಡು ಅಂತ. ನಾನು ಕೇಳಿಸಿಕೊಂಡದ್ದು ತೆಗೆದುಬಿಡು ಅಂತ.

ಕಾರಿನ ಚಕ್ರ ಬದಲಿಸುವುದನ್ನು ನೋಡಿ, ಇದು ಸರಿಯಾಗಿ ತಲೆಗೆ ಹೋಗುತ್ತದೆ. ಚಕ್ರ ನೆಲಕ್ಕೆ ಊರಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲ ಮಾಡುತ್ತಾರೆ. ಇದು ಲೂಸನ್. ಆಮೇಲೆ ಜಾಕಿ ಹಾಕಿ ಎತ್ತಿ, ನಟ್ಟುಗಳನ್ನು ಪೂರ್ತಿ ತೆಗೆಯುತ್ತಾರೆ. ಅದು ರಿಮೂವ್. ಮೊದಲೇ ಎತ್ತಿಬಿಟ್ಟರೆ ಪಾನ ಹಾಕಿದಾಗ ನಟ್ಟಿನ ಜೊತೆ ಚಕ್ರವೇ ತಿರುಗುತ್ತದೆ. ಮೊದಲೇ ತೆಗೆದುಬಿಟ್ಟರೆ ಏನಾಗುತ್ತದೆಂದು ಹೇಳಬೇಕಿಲ್ಲ. “ಫಸ್ಟ್ ಲೂಸನ್ ದಿ ನಟ್ಸ್, ದೆನ್ ಜ್ಯಾಕ್ ಅಪ್ ದಿ ಕಾರ್, ದೆನ್ ರಿಮೂವ್ ದೆಮ್.” ಮೂರು ಕೆಲಸ, ಮೂರು ಕ್ರಿಯಾಪದ. ಕನ್ನಡದ ‘ಬಿಚ್ಚು’ ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ನಮ್ಮ ಹುಡುಗರು ಎಡವುವುದು ಅಲ್ಲೇ.

ಗ್ಯಾರೇಜಲ್ಲಿ ‘ಲೂಸ್ ಮಾಡು’ ಅಂತೀವಿ. ಇಂಗ್ಲಿಷಲ್ಲೂ ‘ಲೂಸ್ ದಿ ನಟ್’ ಅಂದರೆ ಸಾಲದಾ?

ಸಾಲದು. ಲೂಸ್ ಎಂಬುದು ಮುಖ್ಯವಾಗಿ ಗುಣವಾಚಕ. ನಟ್ಟು ಸಡಿಲವಾಗಿದೆ ಅನ್ನಲು “ದಿ ನಟ್ ಈಸ್ ಲೂಸ್”. ಸಡಿಲ ಮಾಡು ಅನ್ನಲು “ಲೂಸನ್ ದಿ ನಟ್”. ಲೆಕ್ಕ ಸುಲಭ: ನಾವು ಕನ್ನಡದಲ್ಲಿ ಲೂಸ್ ಪಕ್ಕ ‘ಇದೆ’ ಹಚ್ಚಿದರೆ ಅದು ಲೂಸ್, ‘ಮಾಡು’ ಅಥವಾ ‘ಆಗು’ ಹಚ್ಚಿದರೆ ಲೂಸನ್.

ಆದರೆ ಲೂಸ್ ಕೂಡ ಕ್ರಿಯಾಪದವಾಗುವುದುಂಟು, ಆಗ ಅದರ ಅರ್ಥ ಬೇರೆ: ಕಟ್ಟಿದ್ದನ್ನು ಬಿಟ್ಟುಬಿಡು, ಹಾರಿಸು. ಬಿಲ್ಲಿನಿಂದ ಬಾಣ ಬಿಡುವುದಕ್ಕೆ, ನಾಯಿ ಛೂ ಬಿಡುವುದಕ್ಕೆ ಅದನ್ನು ಬಳಸುತ್ತಾರೆ. ಮನೆಯಲ್ಲಿ ಹಳ್ಳಿಕಾರ್ ಎತ್ತು ಕಟ್ಟಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಗೂಟದ ಹಗ್ಗ ಕತ್ತಿಗೆ ಬಿಗಿಯುತ್ತಿದೆ, ಸ್ವಲ್ಪ ಸಡಿಲ ಬಿಡು ಅಂದರೆ ಲೂಸನ್. ಹಗ್ಗ ಬಿಚ್ಚಿ ಎತ್ತನ್ನು ಮೇಯಲು ಬಿಡು ಅಂದರೆ ಲೂಸ್. ಒಂದರಲ್ಲಿ ಎತ್ತು ಕೊಟ್ಟಿಗೆಯಲ್ಲೇ ಇರುತ್ತದೆ. ಇನ್ನೊಂದರಲ್ಲಿ ಪಕ್ಕದವರ ರಾಗಿ ಹೊಲದಲ್ಲಿ.

ಲೂಸ್, ಲೂಸ್ ಎರಡೂ ಒಂದೇ ಥರ ಕೇಳ್ಸುತ್ತೆ. ಕಳೆದುಕೊಳ್ಳೋದು ಯಾವುದು?

ಕಳೆದುಕೊಳ್ಳುವುದರಲ್ಲಿ ‘ಓ’ ಅಕ್ಷರ ಒಂದೇ. ಸಡಿಲದಲ್ಲಿ ಎರಡು. ಕಳೆದುಕೊಂಡದ್ದು ತನ್ನ ಒಂದು ‘ಓ’ವನ್ನೂ ಕಳೆದುಕೊಂಡಿದೆ ಎಂದು ನೆನಪಿಡಿ, ಜನ್ಮದಲ್ಲಿ ಮರೆಯುವುದಿಲ್ಲ.

ತೊಂದರೆ ಕಿವಿಯದ್ದಲ್ಲ, ಲಿಪಿಯದ್ದು. ಇಂಗ್ಲಿಷಿನಲ್ಲಿ ಎರಡರ ಉಚ್ಚಾರ ಬೇರೆ. ಸಡಿಲದ ಲೂಸ್ ‘ಸ್’ನಲ್ಲಿ ಮುಗಿಯುತ್ತದೆ, ಹಾವು ಬುಸ್ ಅಂದ ಹಾಗೆ. ಕಳೆದುಕೊಳ್ಳುವ ಲೂಝ್ ದುಂಬಿ ಗುಂಯ್ ಅಂದ ಹಾಗೆ ಗಂಟಲು ನಡುಗಿಸಿ ಮುಗಿಯುತ್ತದೆ. ಕುತ್ತಿಗೆಗೆ ಬೆರಳಿಟ್ಟು ಎರಡನ್ನೂ ಹೇಳಿ ನೋಡಿ. ಎರಡನೆಯದಕ್ಕೆ ಬೆರಳ ತುದಿಗೆ ಜುಮ್ಮೆನ್ನುತ್ತದೆ. ನಮ್ಮ ಅಚ್ಚ ಕನ್ನಡದಲ್ಲಿ ಆ ಎರಡನೆಯ ಧ್ವನಿ ಇಲ್ಲವಾದ್ದರಿಂದ ನಾಲಿಗೆ ಎರಡನ್ನೂ ಒಂದೇ ಗಾಡಿಗೆ ಹತ್ತಿಸುತ್ತದೆ. ಲೂಸನ್‌ನಲ್ಲಿ ಬರುವುದು ಮೊದಲನೆಯ ‘ಸ’. ‘ಲೂಝನ್’ ಅನ್ನಬೇಡಿ.

ಕೊನೆಗೆ ಆ ‘ಅನ್’ ಯಾಕೆ? ಎಲ್ಲಾ ಪದಕ್ಕೂ ಹಚ್ಚಬಹುದಾ?

ನಮ್ಮ ‘ಇಸು’ ಇದ್ದ ಹಾಗೆ ಅದು. ಸಡಿಲದಿಂದ ಸಡಿಲಿಸು ಆದಂತೆ ಲೂಸ್‌ನಿಂದ ಲೂಸನ್, ಟೈಟ್‌ನಿಂದ ಟೈಟನ್, ಹಾರ್ಡ್‌ನಿಂದ ಹಾರ್ಡನ್, ಡೀಪ್‌ನಿಂದ ಡೀಪನ್. ಆದರೆ ಈ ಪ್ರತ್ಯಯಕ್ಕೆ ತನ್ನದೇ ಜಾತಿ-ಕುಲ ಉಂಟು. ಸಾಮಾನ್ಯವಾಗಿ ಒಂದೇ ಉಚ್ಚಾರಾಂಶದ ಗುಣವಾಚಕವಾಗಿರಬೇಕು, ಕೊನೆಯಲ್ಲಿ ಟ್, ಡ್, ಕ್, ಪ್, ಫ್, ಸ್ ಥರದ ಗಟ್ಟಿ ವ್ಯಂಜನ ಇರಬೇಕು. ಸ್ಲೋ, ಡ್ರೈ, ಥಿನ್, ಕ್ಲೀನ್, ಕೂಲ್ ಇವು ಯಾವುವೂ ಹತ್ತಿರ ಸೇರಿಸಿಕೊಳ್ಳುವುದಿಲ್ಲ. “ಸ್ಲೋವನ್ ದಿ ಬೈಕ್” ಎಂದು ಒಬ್ಬ ಬರೆದಿದ್ದ. ತರ್ಕ ಅವನದೇ ಸರಿ, ಭಾಷೆ ಒಪ್ಪಲಿಲ್ಲ. ಲೆಂಗ್ತನ್, ಸ್ಟ್ರೆಂಗ್ತನ್ ಇವೆರಡು ಲಾಂಗ್, ಸ್ಟ್ರಾಂಗ್‌ನಿಂದ ಬರದೆ ಅವುಗಳ ನಾಮಪದಗಳಿಂದ ಬಂದವು.

ಯಾರೂ ಸಡಿಲಿಸಲಿಲ್ಲ, ತಾನಾಗಿಯೇ ಸಡಿಲ ಆಯ್ತು. ಅದಕ್ಕೆ ಏನನ್ನಬೇಕು?

ಅದಕ್ಕೂ ಲೂಸನ್. ನನಗೆ ಬಲು ಇಷ್ಟವಾದ ಪ್ರಶ್ನೆ ಇದು, ಉತ್ತರ ತಿಪಟೂರಿನ ಅಟ್ಟದ ಮೇಲಿದೆ.

ಉಂಡೆ ಕೊಬ್ಬರಿ ಹೇಗಾಗುತ್ತದೆಂದು ತೋಟದ ಮನೆಯವರಿಗೆ ಗೊತ್ತು. ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. 8ರಿಂದ 12 ತಿಂಗಳು ಅದು ಅಲ್ಲೇ ಬಿದ್ದಿರುತ್ತದೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗಿ ಕುಗ್ಗುತ್ತದೆ, ಕುಗ್ಗುತ್ತಾ ಕರಟದಿಂದ ಬಿಡುತ್ತದೆ. ಒಂದು ದಿನ ನಮ್ಮಜ್ಜಿ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಿಟುಕ್ ಗಿಟುಕ್. “ಬಿಟ್ಕಂಡೈತೆ, ಇಳಿಸ್ಲಾ ಮಗ” ಅನ್ನುತ್ತಿದ್ದಳು. ಅದಕ್ಕೇ ಆ ಕೊಬ್ಬರಿಗೆ ಗಿಟುಕು ಎಂಬ ಹೆಸರೂ ಇದೆ.

ಇಲ್ಲಿ ಯಾರ ಕೈಯೂ ಆಡಿಲ್ಲ. “ದಿ ಕರ್ನಲ್ ಲೂಸನ್ಸ್ ಫ್ರಮ್ ದಿ ಶೆಲ್ ಆ್ಯಸ್ ಇಟ್ ಡ್ರೈಸ್.” ಕನ್ನಡದಲ್ಲಿ ‘ಸಡಿಲಿಸಿದ’, ‘ಸಡಿಲವಾಯಿತು’ ಎಂದು ಕ್ರಿಯಾಪದವೇ ಬಟ್ಟೆ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಬದಲಿಸುವುದಿಲ್ಲ. “ಐ ಲೂಸನ್ಡ್ ದಿ ನಾಟ್” ಅಂದರೆ ಗಂಟನ್ನು ನಾನು ಸಡಿಲಿಸಿದೆ; “ದಿ ನಾಟ್ ಲೂಸನ್ಡ್” ಅಂದರೆ ಗಂಟು ತಾನೇ ಸಡಿಲಾಯಿತು. ಹಾಗಾಗಿ “ದಿ ನಾಟ್ ವಾಸ್ ಲೂಸನ್ಡ್” ಎಂದು ಬರೆದಾಗ ಯಾರೋ ಬೇಕೆಂದೇ ಸಡಿಲಿಸಿದ್ದಾರೆ ಎಂಬ ಧ್ವನಿ ಬರುತ್ತದೆ. ಎಲ್ಲ ಕಡೆ ‘ವಾಸ್’ ತುರುಕುವ ಚಟ ಇರುವವರು ಗಮನಿಸಿ.

ಪೂರ್ತಿ ಬಿಟ್ಟು ಗಿಟುಕು ಅನ್ನುವ ಹಂತಕ್ಕೆ ಬಂದಾಗ “ಇಟ್ ಹ್ಯಾಸ್ ಕಮ್ ಲೂಸ್” ಅನ್ನಿ. ‘ಗಾಟ್ ಲೂಸ್’ ಅಂದರೆ ಬೇರೆ ಚಿತ್ರ: ಕಟ್ಟಿದ ನಾಯಿಯೋ ಕರುವೋ ತಪ್ಪಿಸಿಕೊಂಡು ಓಡಿತು ಅಂತ.

ಯಾವ ಕಡೆ ತಿರುಗಿಸಿದರೆ ಸಡಿಲ?

ಇದು ಇಂಗ್ಲಿಷ್ ಪ್ರಶ್ನೆಯೇ ಅಲ್ಲ, ಆದರೂ ಕೇಳುತ್ತಾರೆ. ಗಡಿಯಾರದ ಮುಳ್ಳಿಗೆ ಎದುರು. ಸೈಕಲ್ಲಿನ ಎಡ ಪೆಡಲ್ ಮಾತ್ರ ಉಲ್ಟಾ ಥ್ರೆಡ್, ವೆಲ್ಡಿಂಗ್ ಶಾಪಿನ ಅಸಿಟಿಲಿನ್ ಸಿಲಿಂಡರಿನದೂ ಅಷ್ಟೇ. ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ ಬಿಟ್ಟು ರಾತ್ರಿ ಹಾಗೇ ಬಿಡಿ. ಆಗ ಸೀಮೆಎಣ್ಣೆ ಮಾಡುವ ಕೆಲಸಕ್ಕೂ ಲೂಸನ್ ಅಂತಲೇ ಹೆಸರು.

ಅವರೆಕಾಯಿ ಬಿಡಿಸೋದು, ಲೆಕ್ಕ ಬಿಡಿಸೋದು, ಇವೆಲ್ಲ ಲೂಸನ್ ಆಗುತ್ತಾ?

ಆಗುವುದಿಲ್ಲ. ‘ಬಿಡಿಸು’ ನಮ್ಮ ಭಾಷೆಯ ದುಡಿಯುವ ಎತ್ತು. ಗಂಟು ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಚಿತ್ರ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಅಡವಿಟ್ಟ ಒಡವೆಯನ್ನೂ ಬಿಡಿಸಿಕೊಂಡು ಬರುತ್ತೇವೆ. ಇಂಗ್ಲಿಷಿಗೆ ಇಷ್ಟಕ್ಕೂ ಬೇರೆ ಬೇರೆ ಆಳು ಬೇಕು. ಗಂಟಿಗೆ ಅನ್‌ಟೈ, ಹೂವಿಗೆ ಪಿಕ್ ಅಥವಾ ಪ್ಲಕ್, ಅವರೆಕಾಯಿಗೆ ಶೆಲ್, ಚಿತ್ರಕ್ಕೆ ಡ್ರಾ, ಒಗಟಿಗೂ ಲೆಕ್ಕಕ್ಕೂ ಸಾಲ್ವ್, ಒಡವೆಗೆ ರಿಡೀಮ್. ಡಿಸೆಂಬರಿನಲ್ಲಿ ಒಬ್ಬಾಕೆ “ವಿ ಲೂಸನ್ಡ್ ಟೂ ಕಿಲೋಸ್ ಆಫ್ ಅವರೆಕಾಯಿ” ಎಂದು ಬರೆದಾಗ ನಗು ಬಂತು. ಮಾರನೇ ದಿನ ಆಕೆಯೇ ಹಿತಕಿದ ಬೇಳೆ ಸಾರು ತಂದುಕೊಟ್ಟಳು, ಮಾರ್ಕ್ಸ್ ಕಳೆಯಲು ಮನಸ್ಸಾಗಲಿಲ್ಲ. ಹಿತಕುವುದಕ್ಕೆ ಸ್ಕ್ವೀಜ್.

ಆದರೆ ಆಕೆಯ ತಪ್ಪಿನ ಬುಡದಲ್ಲಿ ಒಂದು ನಿಜ ಇದೆ. ಇಂಗ್ಲಿಷಿನ ಸಾಲ್ವ್ ಬಂದದ್ದು ಲ್ಯಾಟಿನ್ನಿನ ಸೊಲ್ವೆರೆ ಎಂಬ ಕ್ರಿಯಾಪದದಿಂದ. ಅದರ ಮೂಲಾರ್ಥವೇ ಸಡಿಲಿಸು, ಬಿಡಿಸು. ಲೆಕ್ಕವನ್ನು ಗಂಟೆಂದು ಭಾವಿಸಿದ್ದು ನಾವೊಬ್ಬರೇ ಅಲ್ಲ.

ಈ ಪದಕ್ಕೆ ಬೇರೆ ನೆಂಟರೂ ಇದ್ದಾರಾ?

ನಿಮ್ಮೂರಿನ ಆಸ್ಪತ್ರೆಯ ಬೋರ್ಡಿನಲ್ಲೇ ಇದ್ದಾರೆ. ಡಯಾಲಿಸಿಸ್. ಗ್ರೀಕಿನಲ್ಲಿ ಲೂಸಿಸ್ ಅಂದರೆ ಸಡಿಲಿಕೆ, ಬಿಚ್ಚುವಿಕೆ. ಬೆರೆತದ್ದನ್ನು ಪೊರೆಯೊಂದರ ಮೂಲಕ ಬೇರೆ ಮಾಡುವ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಡಯಾಲಿಸಿಸ್ ಎಂಬ ಹೆಸರನ್ನು 1861ರಲ್ಲಿ ಬಳಕೆಗೆ ತಂದವನು ಥಾಮಸ್ ಗ್ರಹಾಂ. ಪ್ಯಾರಾಲಿಸಿಸ್‌ನಲ್ಲಿ ಸಡಿಲಾಗುವುದು ಅಂಗಾಂಗ. ಅನಾಲಿಸಿಸ್‌ನಲ್ಲಿ ವಿಷಯ. ನಾವು ಅದಕ್ಕೆ ವಿಶ್ಲೇಷಣೆ ಅನ್ನುತ್ತೇವೆ: ಶ್ಲೇಷ ಅಂದರೆ ಅಂಟಿಕೊಂಡಿರುವುದು, ಅಪ್ಪುಗೆ, ‘ವಿ’ ಸೇರಿದರೆ ಅಂಟು ಬಿಟ್ಟಿತು. ಗ್ರೀಕರೂ ಸಂಸ್ಕೃತದವರೂ ಒಂದೇ ಚಿತ್ರ ಕಂಡಿದ್ದಾರೆ.

ಹೋಮ್‌ಲೆಸ್, ಕೇರ್‌ಲೆಸ್ ಇವುಗಳ ‘ಲೆಸ್’ ಕೂಡ ಲೂಸ್‌ನ ರಕ್ತಸಂಬಂಧಿ. ಕಡಿಮೆ ಅನ್ನುವ ಲೆಸ್ ಅದಲ್ಲ. ರಿಲ್ಯಾಕ್ಸ್ ನೋಡಲು ಅಣ್ಣತಮ್ಮನ ಹಾಗಿದ್ದರೂ ಬೇರೆ ಮನೆತನ. ಅದು ಲ್ಯಾಟಿನ್ನಿನ ಲಾಕ್ಸುಸ್‌ನಿಂದ ಬಂತು, ಅದರ ನೆಂಟ ಸ್ಲ್ಯಾಕ್.

ನಾನು ನರ್ಸಿಂಗ್ ಓದ್ತಿದ್ದೀನಿ. ನಮಗೆ ಎಲ್ಲೆಲ್ಲಿ ಬರುತ್ತೆ?

ಎಲ್ಲ ಕಡೆ, ಮತ್ತು ನಿಮಗೆ ಇದು ಮಾರ್ಕ್ಸಿನ ಪ್ರಶ್ನೆಯಷ್ಟೇ ಅಲ್ಲ. ಫಿಟ್ಸ್ ಬಂದವರ ಪ್ರಥಮ ಚಿಕಿತ್ಸೆಯಲ್ಲಿ ಕತ್ತಿನ ಸುತ್ತ ಬಿಗಿಯಾದ ಬಟ್ಟೆಯನ್ನು ಲೂಸನ್ ಮಾಡಿ ಎಂದಿರುತ್ತದೆ. ಕಾಲರ್ ಗುಂಡಿ ಬಿಚ್ಚಿ ಉಸಿರಿಗೆ ದಾರಿ ಮಾಡಿ ಅಂತ ಅದರ ಅರ್ಥ. ಇಡೀ ಅಂಗಿ ತೆಗೆಯಲು ಒದ್ದಾಡುತ್ತಾ ಕೂರಬೇಡಿ. ಗಮನಿಸಿ, ಇಲ್ಲಿ ಗುಂಡಿ ಪೂರ್ತಿ ಬಿಚ್ಚಿದರೂ ಅಂಗಿ ಮೈಮೇಲೇ ಇದೆ. ಸಡಿಲವಾದದ್ದು ಅಂಗಿ, ಬಿಚ್ಚಿದ್ದು ಗುಂಡಿ. “ಅನ್‌ಬಟನ್ ದಿ ಕಾಲರ್ ಟು ಲೂಸನ್ ದಿ ಶರ್ಟ್.” ಪಟ್ಟಿ ಬಿಗಿಯಾಗಿ ರೋಗಿಯ ಬೆರಳು ತಣ್ಣಗಾಗಿದೆ ಎಂದು ಸಿಸ್ಟರ್ ಹೇಳಿದರೆ ಅಲ್ಲೂ ಲೂಸನ್.

ಕೆಮ್ಮಿನ ಔಷಧದ ಬಾಟಲಿಯ ಮೇಲೆ ಕಫವನ್ನು ಲೂಸನ್ ಮಾಡುತ್ತದೆ ಎಂದಿದ್ದರೆ ಎದೆಗೆ ಕಚ್ಚಿಕೊಂಡ ಕಫ ಸಡಿಲಾಗಿ ಆಚೆ ಬರಲು ಅನುಕೂಲವಾಗುತ್ತದೆ ಎಂದರ್ಥ. ನಾವು ‘ಕಫ ಕರಗುತ್ತೆ’ ಅನ್ನುತ್ತೇವೆ. ಇನ್ನು ‘ಲೂಸ್ ಮೋಷನ್’ ನಮ್ಮ ದೇಶದ ಇಂಗ್ಲಿಷ್. ಇಲ್ಲಿ ಯಾವ ಡಾಕ್ಟರಿಗೂ ಅರ್ಥವಾಗುತ್ತದೆ, ಹೊರದೇಶಕ್ಕೆ ಕೆಲಸಕ್ಕೆ ಹೋಗುವವರು ಡಯರಿಯಾ ಎಂದೇ ಕಲಿಯಿರಿ.

ಅಡುಗೆಮನೆಯಲ್ಲಿ?

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾಡುವವರ ಕೈ ನೋಡಿ. ತಟ್ಟೆ ಆಚೆ ಬಂದ ಮೇಲೆ ಒದ್ದೆ ಚಮಚವನ್ನು ಅಂಚಿನ ಸುತ್ತ ಒಂದು ಸಲ ಆಡಿಸುತ್ತಾರೆ. ಇಡ್ಲಿ ಇನ್ನೂ ತಟ್ಟೆಯಲ್ಲೇ ಇದೆ, ಅಂಟು ಮಾತ್ರ ಬಿಟ್ಟಿದೆ. “ಲೂಸನ್ ದಿ ಎಡ್ಜಸ್ ವಿತ್ ಎ ವೆಟ್ ಸ್ಪೂನ್.” ಆಮೇಲೆ ಮಗುಚಿ ಹಾಕುವುದು. ನಟ್ಟಿಗೂ ಇಡ್ಲಿಗೂ ಒಂದೇ ವ್ಯಾಕರಣ!

ಇಂಗ್ಲಿಷ್ ಅಡುಗೆ ವಿಡಿಯೋಗಳಲ್ಲಿ ಗಟ್ಟಿಯಾದ ಸಾಸಿಗೆ ನೀರು ಹಾಕಿ ಲೂಸನ್ ಮಾಡಿ ಅನ್ನುವುದುಂಟು. ಅಲ್ಲಿ ಅರ್ಥ ತೆಳು ಮಾಡು. ನಮ್ಮಲ್ಲಿ ಚಟ್ನಿಗೆ ‘ಸ್ವಲ್ಪ ನೀರು ಮಾಡು’ ಅನ್ನುವ ಹಾಗೆ.

ಸಾಫ್ಟನ್, ಲೂಸನ್ ಎರಡೂ ಒಂದೇ ಅಲ್ವಾ?

ಒಂದು ಇನ್ನೊಂದಕ್ಕೆ ಕಾರಣ. ಶಿಡ್ಲಘಟ್ಟದ ಕಡೆಯ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ, ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡನ್ನು ಬಿಸಿನೀರಿಗೆ ಹಾಕಿದಾಗ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಮೆತ್ತಗಾಗುತ್ತದೆ. ಅದು ಸಾಫ್ಟನ್. ಆಗ ಎಳೆ ಗೂಡಿನಿಂದ ಸಡಿಲಾಗುತ್ತದೆ. ಅದು ಲೂಸನ್. ಅವನೇ ಬೋರ್ಡಿಗೆ ಬಂದು ಹೇಳಿದ್ದು, ನಾನು ಕೂತು ಕೇಳಿದೆ. ಹೊಲದಲ್ಲಿ ಎಡೆಕುಂಟೆ ಹೊಡೆದು ಮಣ್ಣು ಉದುರು ಮಾಡುವುದಕ್ಕೂ “ಲೂಸನ್ ದಿ ಸಾಯಿಲ್” ಅನ್ನುತ್ತಾರೆ. ಮಳೆ ಬಿದ್ದು ನೆಲ ಮೆತ್ತಗಾದರೆ ಸಾಫ್ಟನ್.

‘ಲೂಸನ್ಡ್ ಹಿಸ್ ಟಂಗ್’ ಅಂದರೆ ನಾಲಿಗೆ ಹರಿಬಿಟ್ಟ ಅಂತಾನಾ?

ಅಲ್ಲ, ಇದು ದೊಡ್ಡ ಮೋಸ. ಕನ್ನಡದಲ್ಲಿ ನಾಲಿಗೆ ಸಡಿಲ ಬಿಟ್ಟ ಅಂದರೆ ಬಾಯಿಗೆ ಬಂದಂತೆ ಬೈದ ಅಂತ. ಇಂಗ್ಲಿಷಿನಲ್ಲಿ ಬೈಗುಳದ ಸೋಂಕಿಲ್ಲ. ಮುಚ್ಚಿಕೊಂಡಿದ್ದ ಬಾಯಿ ತೆರೆಯಿತು, ಬಿಗುಮಾನ ಹೋಗಿ ಮಾತು ಹರಿಯಿತು ಅಂತ ಅರ್ಥ. ಎರಡು ಪೆಗ್ಗು ಒಳಗೆ ಹೋದ ಮೇಲೆ ಸಾಮಾನ್ಯವಾಗಿ ಆಗುವಂಥದ್ದು. ನಮ್ಮ ‘ಬಾಯಿ ಬಿಟ್ಟ’ ಅದಕ್ಕೆ ಹತ್ತಿರ.

‘ಲೂಸನ್ ದಿ ಪರ್ಸ್ ಸ್ಟ್ರಿಂಗ್ಸ್’ ಅಂದರೆ ಕೈ ಬಿಚ್ಚಿ ಖರ್ಚು ಮಾಡು. ‘ಲೂಸನ್ ಅಪ್’ ಅಂದರೆ ಬಿಗಿಯಾಗಿ ನಿಂತಿರುವವನಿಗೆ ‘ಆರಾಮಾಗಿರಪ್ಪ’ ಅನ್ನುವುದು. ಓಡುವ ಮೊದಲು ಕೈಕಾಲು ಅಲ್ಲಾಡಿಸಿ ಮೈ ಸಡಿಲ ಮಾಡಿಕೊಳ್ಳುವುದಕ್ಕೂ ಅದೇ. ಇಂಟರ್‌ವ್ಯೂಗೆ ಹೋದಾಗ ಎದುರು ಕೂತವರು ಹೀಗಂದರೆ ಟೈ ಬಿಚ್ಚಲು ಹೋಗಬೇಡಿ.

ಪೇಪರಲ್ಲಿ ‘ನಿಯಮ ಸಡಿಲಿಕೆ’ ಅಂತ ಬರುತ್ತಲ್ಲ, ಅದು?

2020ರಲ್ಲಿ ಲಾಕ್‌ಡೌನ್ ಸಡಿಲಿಕೆ ಎಂದು ದಿನಾ ಓದಿದ್ದೇವೆ. ಇಂಗ್ಲಿಷ್ ಪತ್ರಿಕೆಗಳು ನಿರ್ಬಂಧಗಳ ಜೊತೆ ಹೆಚ್ಚಾಗಿ ಈಸ್ ಅಥವಾ ರಿಲ್ಯಾಕ್ಸ್ ಬಳಸುತ್ತವೆ. ಲೂಸನ್ ಕೂಡ ನಡೆಯುತ್ತದೆ. ಹಣಕಾಸಿನ ಸುದ್ದಿಯಲ್ಲಿ ಅದಕ್ಕೆ ಗಟ್ಟಿ ಜಾಗ ಇದೆ: ಅದೇ ವರ್ಷ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4.4ರಿಂದ ಶೇ 4ಕ್ಕೆ ಇಳಿಸಿತು. ಅಂಥ ನಡೆಗೆ ಹಣಕಾಸು ನೀತಿಯ ಲೂಸನಿಂಗ್ ಎಂಬ ಹೆಸರು. ನಿಯಮ ಹೋಗಲಿಲ್ಲ, ಹಿಡಿತ ಕಮ್ಮಿಯಾಯಿತು.

‘ಅನ್‌ಲೂಸನ್’ ಅಂದರೆ ಬಿಗಿ ಮಾಡೋದಾ?

ಅಲ್ಲ! ಅದಕ್ಕೂ ಸಡಿಲಿಸು ಅಂತಲೇ ಅರ್ಥ. ಮುಂದೆ ‘ಅನ್’ ಇದ್ದರೂ ಉಲ್ಟಾ ಆಗಲಿಲ್ಲ. ಓದುವಾಗ ಗೊತ್ತಿರಲಿ, ಬರೆಯಬೇಡಿ.

ವಿರುದ್ಧಪದ ಯಾವುದು?

ಟೈಟನ್. ಬೆಲ್ಟು, ಪಟ್ಟಿ, ಕೊಕ್ಕೆಗಳಿಗಾದರೆ ಫಾಸನ್ ಕೂಡ. ಅದರ ಸ್ಪೆಲಿಂಗಿನಲ್ಲಿ ‘ಟಿ’ ಇದೆ, ಬಾಯಲ್ಲಿ ಇಲ್ಲ. ಅಲ್ಲಿರುವ ಫಾಸ್ಟ್‌ಗೆ ವೇಗ ಎಂದರ್ಥವಲ್ಲ, ಭದ್ರ ಎಂದರ್ಥ. ಬಟ್ಟೆ ಅಂಗಡಿಯಲ್ಲಿ ‘ಫಾಸ್ಟ್ ಕಲರ್, ಬಿಡಲ್ಲ’ ಅನ್ನುತ್ತಾರಲ್ಲ, ಆ ಫಾಸ್ಟ್.

ಒಬ್ಬನನ್ನು ‘ಲೂಸು’ ಅಂತ ಬೈಯೋದು ಇಂಗ್ಲಿಷಲ್ಲಿ ನಡೆಯುತ್ತಾ?

ನಡೆಯುವುದಿಲ್ಲ. ಮನುಷ್ಯರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಆ ಪದ ಅಂಟಿಸಿದರೆ ಇಂಗ್ಲಿಷಿನಲ್ಲಿ ನಡತೆಯ ಮೇಲೆ ಕೆಸರು ಎರಚಿದಂತೆ. ತಮಾಷೆಗೂ ಬೇಡ.

ಅಂಗಿ ಬಿಗಿಯಾಗಿದೆ, ಟೈಲರ್ ಹತ್ತಿರ ‘ಲೂಸನ್’ ಮಾಡಿಸ್ಬೇಕು ಅನ್ನಬಹುದಾ?

ಊಟ ಜಾಸ್ತಿಯಾಗಿ ಬೆಲ್ಟು ಒಂದು ತೂತು ಹಿಂದಕ್ಕೆ ಸರಿಸಿದರೆ ಅದು ಲೂಸನ್. ಟೈಲರ್ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟರೆ ಅದು ‘ಲೆಟ್ ಔಟ್’, ಇಕ್ಕಟ್ಟು ಮಾಡಿಕೊಟ್ಟರೆ ‘ಟೇಕ್ ಇನ್’. ಮೊನ್ನೆ ಮದುವೆಯೊಂದಕ್ಕೆ ಹಳೇ ಪ್ಯಾಂಟು ತೆಗೆದುಕೊಂಡು ಹೋಗಿದ್ದೆ. ಟೈಲರ್ ಸೊಂಟದ ಒಳಮಗ್ಗುಲು ಮಗುಚಿ, ಬೆರಳಲ್ಲಿ ಸವರಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ. “ಒಳಗೆ ಬಟ್ಟೆನೇ ಬಿಟ್ಟಿಲ್ಲ ಮೇಷ್ಟ್ರೇ.” ಅಲ್ಲಿಗೆ ಎರಡು ಕ್ರಿಯಾಪದವೂ ಮುಗಿದವು.